ಮೂರು ಪಟ್ಟಿನ ರಾಕೆಟ್ಟು

ಇಷ್ಟೆಲ್ಲ ಆದದ್ದು ಝೆರಾಕ್ಸ್ ಯಂತ್ರದ ಮೇಲಿನ ಒಂದು ಗುಂಡಿಯಿಂದ. ಚಿಕ್ಕದನ್ನು ದೊಡ್ಡದು ಮಾಡುವ ಗುಂಡಿ ಅದು. ಹುನಗುಂದದ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಶಿವಪ್ರಕಾಶ ಆ ಗುಂಡಿಯಿಂದ ಅದುವರೆಗೆ ಹಿಗ್ಗಿಸಿದ್ದು ವಕೀಲರ ಕಣ್ಣಿಗೆ ಕಾಣದ ಹಳೆಯ ಜಮೀನಿನ ಉತಾರಗಳನ್ನು ಮತ್ತು ತೀರಿಕೊಂಡವರ ಸಣ್ಣ ಫೋಟೋಗಳನ್ನು. ಬದುಕಿದ್ದಾಗ ಬೆರಳುಗುರಿನಷ್ಟಿದ್ದ ಮುಖ ಸತ್ತ ಮೇಲೆ ತಟ್ಟೆಯಷ್ಟಾಗುವುದನ್ನು ದಿನಾ ನೋಡಿ ಅವನಿಗೆ ಒಂದು ಬಗೆಯ ವೈರಾಗ್ಯವೂ ಬಂದಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಶಿವಪ್ರಕಾಶ ಪೆಟ್ಟಿಗೆಯ ತಳದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಗಾಜಿನ ಮೇಲಿಟ್ಟ. ಶಾಲೆಯ ಹುಡುಗನಾಗಿದ್ದಾಗ ರದ್ದಿ ಅಂಗಡಿಯಲ್ಲಿ ಸಿಕ್ಕ ಪರದೇಶದ ಪತ್ರಿಕೆಯ ಹಾಳೆ ಅದು. ಅದರ ಮೇಲೆ ಆಟಿಕೆಯ ರಾಕೆಟ್ಟಿನ ನಕ್ಷೆ. ಒಂದು ಕಾಲಕ್ಕೆ ಅಮೆರಿಕದ ಹುಡುಗರು ಆ ರಾಕೆಟ್ಟಿನ ಭಾಗಗಳನ್ನು ಡಬ್ಬಿಯಲ್ಲಿ ಕೊಂಡು, ಅಂಟು ಹಚ್ಚಿ ಜೋಡಿಸಿ, ಸಣ್ಣ ಮದ್ದಿನ ಕೊಳವೆ ಇಟ್ಟು ಹಾರಿಸುತ್ತಿದ್ದರು. ಅದು ಮೇಲೆ ಹೋಗಿ, ಹೊಟ್ಟೆಯಿಂದ ಛತ್ರಿ ಬಿಚ್ಚಿ, ಮೆಲ್ಲಗೆ ಇಳಿದು ಬರುತ್ತಿತ್ತು. ಆ ಡಬ್ಬಿ ಮಾರುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಅದರ ಮೇಲೆ ಜೀವ ಇಟ್ಟುಕೊಂಡವರು ದೇಶದೇಶಗಳಲ್ಲಿ ಇನ್ನೂ ಇದ್ದರು. ಅವರು ಹಳೆಯ ನಕ್ಷೆ ಹಿಡಿದು ತದ್ರೂಪ ಕಟ್ಟುತ್ತಿದ್ದರು, ಕೆಲವರು ಅದನ್ನೇ ಹಿಗ್ಗಿಸಿ ಕಟ್ಟುತ್ತಿದ್ದರು. ಮೊಬೈಲಿನಲ್ಲಿ ಅಂಥವರನ್ನು ನೋಡಿದಾಗಿನಿಂದ ಶಿವಪ್ರಕಾಶನ ಬೆರಳು ತುರಿಸುತ್ತಿತ್ತು. ಗುಂಡಿ ಒತ್ತಿದ. ಮೂರು ಪಟ್ಟು.

ಹಾಳೆಗಳು ಒಂದರ ಹಿಂದೊಂದು ಬಿಸಿಬಿಸಿಯಾಗಿ ಬಂದವು. ಅಂಟಿಸಿ ಹಾಸಿದರೆ ರಾಕೆಟ್ಟಿನ ಮೂತಿ ಅಂಗಡಿಯ ಒಳಗೆ, ಬಾಲ ಗಟಾರದ ಹತ್ತಿರ. ಇಷ್ಟು ದೊಡ್ಡದಾದ ಮೇಲೆ ಕಟ್ಟದೆ ಬಿಡುವುದು ಧರ್ಮವಲ್ಲ ಎಂದು ಅವನಿಗೆ ಅನ್ನಿಸಿತು.

ಮನೆಯ ಮೇಲಿನ ಖೋಲಿಯಲ್ಲಿ ಕೆಲಸ ಶುರುವಾಯಿತು. ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಮೌಲಾಬಿ ಅಸ್ತರದ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಕೊಟ್ಟಳು. ಅದು ಮೈ ಆಯಿತು. ತೆಳು ಪ್ಲೈವುಡ್ಡು ರೆಕ್ಕೆಯಾಯಿತು. ಇಳಕಲ್ಲಿನಲ್ಲಿ ತೊಟ್ಟಿಲ ಕಾಲು ಕಡೆಯುವ ಬಡಿಗೇರ ಮರದ ಮೂತಿ ಕಡೆದುಕೊಟ್ಟ. ಕೊಡುವಾಗ, "ಯಾವ ಗುಡೀ ಕಳಸರಿ ಇದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡೂ ಕೈಯಿಂದ ಕಣ್ಣಿಗೆ ಒತ್ತಿಕೊಂಡ. ಹರಿದ ಛತ್ರಿಯ ಬಟ್ಟೆ ಛತ್ರಿಯಾಗಿಯೇ ಒಳಗೆ ಕೂತಿತು.

ಶಿವಪ್ರಕಾಶನ ಹೆಂಡತಿ ಸುನಂದಾ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಕಾಲಿಟ್ಟರೆ ಚಪ್ಪಲಿ ಅಂಟಿಕೊಳ್ಳುತ್ತಿತ್ತು.

"ರೀ, ನಮ್ಮ ಅನಿಲಗ ಇದs ಊರಿಗೆ ವರ್ಗ ಆಗೇತಿ. ಮನಿ ಸಿಗೂತನಕ ಎಲ್ಲಿರಬೇಕವ?"

"ಕೆಳಗ ಪಡಸಾಲ್ಯಾಗ ಇರ್ಲಿ."

"ಪಡಸಾಲ್ಯಾಗ ನನ್ನ ತಮ್ಮ, ಮಾಳಿಗಿ ಮ್ಯಾಲ ಈ ಸುಣ್ಣ ಹಚ್ಚಿದ ಒನಕಿ? ಇದು ಹಾರೂದಂತೂ ಖರೆ ಅಲ್ಲ ಬಿಡ್ರಿ."

"ಹಾರತೈತಿ."

ಸುನಂದಾ ಸ್ವಲ್ಪ ಹೊತ್ತು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಅಂಟು, ಮರದ ಹೊಟ್ಟು ಮತ್ತು ನಂಬಿಕೆ ಮೂರೂ ಮೆತ್ತಿಕೊಂಡಿದ್ದವು. "ಆತು. ಐತ್ವಾರ ಹಾರಸ್ರಿ. ಅದು ಮ್ಯಾಲ ಹೋಗೂದು, ಛತ್ರಿ ಬಿಚ್ಚಿ ಕೆಳಗ ಬರೂದು, ಎರಡೂ ನನ್ನ ಕಣ್ಣಾರೆ ನೋಡಿದ್ನಂದ್ರ ಈ ಖೋಲಿ ರಾಕೆಟ್ಟಿಗೆ. ಇಲ್ಲಾಂದ್ರ ಅನಿಲಗ."

ಶಿವಪ್ರಕಾಶ ಒಪ್ಪಿಕೊಂಡ. ಹೈದರಾಬಾದಿನ ಗೆಳೆಯನೊಬ್ಬ ಬಹಳ ಓಡಾಡಿ ಕಳಿಸಿದ್ದ ಮದ್ದಿನ ಮೋಟಾರು ಇದ್ದದ್ದು ಒಂದೇ. ಹಾರಿದರೆ ಒಂದೇ ಸಲ. ಆ ಒಂದು ಸಲಕ್ಕೆ ಒಂದು ಖೋಲಿ.

ಆದಿತ್ಯವಾರ ಬೆಳಿಗ್ಗೆ ಸದ್ದಿಲ್ಲದೆ ಹೋಗಿ ಹಾರಿಸಿ ಬರಬೇಕೆಂದು ಅವನ ಲೆಕ್ಕ. ಆದರೆ ಮೌಲಾಬಿಗೆ ಗೊತ್ತಿತ್ತು. ಮೌಲಾಬಿಗೆ ಗೊತ್ತಾದದ್ದು ಬೀದಿಗೆ ಗೊತ್ತಾಗಲು ಒಂದು ರವಿಕೆಗೆ ಗುಂಡಿ ಹಚ್ಚುವಷ್ಟು ಹೊತ್ತು ಸಾಕು. ಬಾಗಿಲು ತೆಗೆಯುವುದರೊಳಗೆ ಕಟ್ಟೆಯ ಮೇಲೆ ರಾಚಪ್ಪ ಕಾಕಾ ಕೂತಿದ್ದರು. ತಹಶೀಲಿ ಕಚೇರಿಯ ದಫ್ತರ ಖೋಲಿಯಲ್ಲಿ ದುಡಿದು ನಿವೃತ್ತರಾದವರು, ಓಣಿಯ ಭಜನೆಗೆ ಮುಂದಾಳು. ಮೂರು ಬೆರಳು ವಿಭೂತಿ ಹಚ್ಚಿದ ಹಣೆ, ಯಾರ ಕೆಲಸಕ್ಕಾದರೂ ಮೊದಲು ಚಾಚುವ ಕೈ.

"ಏನಪಾ ಇದು?"

"ರಾಕೆಟ್ಟಿನ ನಕಲು ಕಾಕಾ."

"ನಕಲಾ? ಹಂಗಾರ ಅಸಲು ಎಲ್ಲೈತಿ?"

"ಅಸಲು ಈಗ ಸಿಗೂದಿಲ್ರಿ. ಬಂದಾಗೇತಿ."

ರಾಚಪ್ಪನವರ ಮುಖ ಗಂಭೀರವಾಯಿತು. "ಅಸಲು ಇಲ್ದ ನಕಲು ತಗದೀಯಾ? ಅದೂ ಅಳತಿ ಬದಲ ಮಾಡಿ? ನಮ್ಮ ಕಾಲದಾಗ ಇದಕ್ಕ ಸಸ್ಪೆಂಡ್ ಮಾಡ್ತಿದ್ರು ತಮ್ಮಾ." ಹಾಗೆಂದವರೇ ಎದ್ದು, ಆ ಅಪರಾಧದ ಪರಿಹಾರಕ್ಕೋ ಎಂಬಂತೆ ರಾಕೆಟ್ಟಿನ ಹೊಟ್ಟೆಗೆ ಮೂರು ಗೆರೆ ವಿಭೂತಿ ಎಳೆದು, ಮೂತಿಗೆ ಚೆಂಡುಹೂವಿನ ಮಾಲೆ ಹಾಕಿ, ರೆಕ್ಕೆಗೊಂದರಂತೆ ನಿಂಬೆಹಣ್ಣು ಕಟ್ಟತೊಡಗಿದರು.

"ಕಾಕಾ, ನಿಂಬಿಹಣ್ಣು ಬ್ಯಾಡ್ರಿ! ಬಾಲದ ಕಡೆ ತೂಕಾದ್ರ ಅಡ್ಡಡ್ಡ ಹಾರತೈತಿ!"

"ದೃಷ್ಟಿ ಆದ್ರ ಹಾರೂದೇ ಇಲ್ಲ. ಯಾವ್ದು ಬೇಕು?"

ಮಾಲೆ ಮತ್ತು ನಿಂಬೆಹಣ್ಣನ್ನು ಹಾರಿಸುವಾಗ ತೆಗೆಯಬಹುದೆಂದೂ, ವಿಭೂತಿ ಇರಲೇಬೇಕೆಂದೂ ರಾಜಿಯಾಯಿತು. ಬಣ್ಣಕ್ಕೆ ಗೀರು ಬೀಳದಿರಲೆಂದು ಸುನಂದಾ ತನ್ನ ಹಳೆಯ ಇಳಕಲ್ ಸೀರೆಯನ್ನು ರಾಕೆಟ್ಟಿಗೆ ಸುತ್ತಿ, ಸೆರಗನ್ನು ಮೂತಿಯ ಮೇಲೆ ಹೊದಿಸಿದಳು. ಕೆಂಪು ಸೆರಗು ತಲೆ ತುಂಬ ಹೊದ್ದು ಅದು ಗೋಡೆಗೊರಗಿ ನಿಂತಾಗ, ಗಂಡನ ಮನೆಗೆ ಹೊರಟ ಹೆಣ್ಣುಮಗಳ ಹಾಗೆ ಕಾಣುತ್ತಿತ್ತು.

ಮರೋಳದ ಕಡೆಗೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು. ಹಿಂದಿನ ಸೀಟಿನ ಮೂಲೆಯಲ್ಲಿ ರಾಕೆಟ್ಟನ್ನು ನಿಲ್ಲಿಸಿ ಶಿವಪ್ರಕಾಶ ಅದರ ಸೊಂಟ ಹಿಡಿದುಕೊಂಡ. ಗದ್ದಲದಲ್ಲಿ ನುಸುಳುತ್ತ ಬಂದ ಕಂಡಕ್ಟರ್ ತಿಕೀಟಿನ ಯಂತ್ರದಿಂದ ತಲೆ ಎತ್ತದೆ, "ಎಲ್ಲಿಗವ್ವಾ? ಆಧಾರ ತೋರಸು" ಎಂದ. ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ, ಆಧಾರ ಕಾರ್ಡು ತೋರಿಸಿದರಾಯಿತು.

ಅವ್ವ ಮಾತಾಡಲಿಲ್ಲ.

"ಕಿವಿ ಕೇಳಸ್ತದಿಲ್ಲೋ? ಆಧಾರ, ಆಧಾರ!"

ಮುಂದಿನ ಸೀಟಿನಿಂದ ರಾಚಪ್ಪನವರು ಸಹಾಯಕ್ಕೆ ಧಾವಿಸಿದರು. "ಅದು ನಕಲು ಐತ್ರಿ."

"ಝೆರಾಕ್ಸ್ ನಡಿಯಂಗಿಲ್ರಿ ಯಜಮಾನ್ರ, ಅಸಲು ತೋರಸ್ಬೇಕು. ಮ್ಯಾಲಿನವ್ರ ಆರ್ಡರ್ ಐತಿ."

"ಅಸಲು ಅಮೆರಿಕಾದಾಗ ಬಂದಾಗೇತಂತ."

"ಅಮೆರಿಕಾದಾಕಿ ಆದ್ರ ಫ್ರೀ ಇಲ್ಲ. ನಮ್ಮ ರಾಜ್ಯದವ್ರಿಗಷ್ಟs" ಎನ್ನುತ್ತ ಕಂಡಕ್ಟರ್ ತಲೆ ಎತ್ತಿದ. ಅಷ್ಟರಲ್ಲಿ ಬಸ್ಸು ತಗ್ಗಿಗಿಳಿಯಿತು, ಸೆರಗು ಜಾರಿತು, ಒಳಗಿಂದ ಬಿಳಿಯ ಚೂಪು ಮೂತಿ ಮತ್ತು ಚೆಂಡುಹೂವು ಹೊರಬಂದವು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು ಒಬ್ಬ ಮುದುಕಿಯ ಬುಟ್ಟಿಯಲ್ಲಿ ಕೂತ. ಬುಟ್ಟಿಯಲ್ಲಿ ಬದನೆಕಾಯಿ ಇದ್ದವು. ಆ ಮುದುಕಿ ಇಳಿಯುವ ತನಕ ಬೈದಳು. ಬೈಗುಳವೆಲ್ಲ ಕಂಡಕ್ಟರನಿಗೆ ಸೇರಬೇಕಾದದ್ದು, ಬಿದ್ದದ್ದು ಮಾತ್ರ ಶಿವಪ್ರಕಾಶನಿಗೆ.

ಹೊಲ ಯಮನಪ್ಪನದು. ಮರೋಳದ ಹತ್ತಿರ ಬಿತ್ತದೆ ಬಿಟ್ಟ ಕರಿನೆಲ, ಸುತ್ತ ಒಂದು ಗಿಡವಿಲ್ಲ. ಅಂಗಡಿಗೆ ಉತಾರದ ಝೆರಾಕ್ಸಿಗೆ ಬರುವ ಪರಿಚಯದಲ್ಲಿ ಅವನು ಹ್ಞೂಂ ಎಂದಿದ್ದ. ರಾಕೆಟ್ಟನ್ನು ಬದುವಿನ ಹತ್ತಿರ ನೆಟ್ಟ ಕಬ್ಬಿಣದ ಸಲಾಕೆಗೆ ಏರಿಸುವುದನ್ನು ನೋಡುತ್ತ ಅವನು ವಿಚಾರಿಸಿದ:

"ಮೋಟಾರ್ ಹಾಕೀರೇನು?"

"ಹಾಕೇನಿ."

"ಎಷ್ಟ ಎಚ್‌ಪಿ?"

"ಹಂಗಲ್ಲೋ, ಇದು ಮದ್ದಿನ ಮೋಟಾರು."

"ಯಾವ್ದರ ಇರ್ಲಿರಿ. ಮೋಟಾರ್ ಅಂದ್ಮ್ಯಾಲ ಮೊದಲ ನೀರ ಕುಡಸ್ಬೇಕು, ಇಲ್ಲಾಂದ್ರ ಎತ್ತೂದಿಲ್ಲ" ಎಂದು ಯಮನಪ್ಪ ತಂಬಿಗೆ ಹಿಡಿದು ಬಾಲದ ಕಡೆಗೆ ಬಗ್ಗಿಯೇಬಿಟ್ಟ. ಏತ ನೀರಾವರಿಯ ಪಂಪು ನೋಡಿ ಬೆಳೆದವನಿಗೆ ಅದು ಸಹಜವೇ. ಶಿವಪ್ರಕಾಶ ಹಾರಿ ಅವನ ಕೈ ಹಿಡಿದ. ನೀರು ಶಿವಪ್ರಕಾಶನ ಪ್ಯಾಂಟಿಗೆ ಬಿತ್ತು. ಮೋಟಾರು ಉಳಿಯಿತು.

ಅಷ್ಟರಲ್ಲಿ ಹುನಗುಂದದಿಂದ ಬಂದ ಓಣಿಯ ಮಂದಿ, ಮರೋಳದಿಂದ ನೆರೆದ ಮಂದಿ ಸೇರಿ ಬದುವಿನ ಮೇಲೆ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಮೌಲಾಬಿ, ಹೊಸ ಫೋನು ಎತ್ತಿ ಹಿಡಿದು. "ನಾ ವಿಡಿಯೋ ತಗೀತೇನಿ ಅಣ್ಣಾ, ನೀ ಚಿಂತಿ ಮಾಡಬ್ಯಾಡ." ಅವಳ ಹಿಂದೆ, ರಾಕೆಟ್ಟಿನಿಂದ ಎಳೆದ ವಯರಿನ ತುದಿಯ ಗುಂಡಿ ಹಿಡಿದು ಶಿವಪ್ರಕಾಶ. ಅವನ ಹಿಂದೆ ಸುನಂದಾ, ರಾಚಪ್ಪನವರು, ಯಮನಪ್ಪ, ಉಳಿದ ಜನ.

"ಸುನಂದಾ, ಕಣ್ಣ ಪಿಳುಕಸಬ್ಯಾಡ. ಸುಂಯ್ ಅಂತ ಹೋಗಿಬಿಡ್ತೈತಿ."

"ಹೋಗ್ಲಿ ನೋಡೂಣು."

ಶಿವಪ್ರಕಾಶ ಗಂಟಲು ಸರಿಮಾಡಿಕೊಂಡ. "ಹತ್ತು, ಒಂಬತ್ತು..."

"ಉಲ್ಟಾ ಯಾಕ ಎಣಸ್ತಿ? ಶುಭ ಅಲ್ಲ" ಎಂದರು ರಾಚಪ್ಪನವರು.

"ರಾಕೆಟ್ಟಿಗೆ ಹಿಂಗs ಎಣಸೂದ್ರಿ ಕಾಕಾ. ಎಂಟು, ಏಳು..."

ಸಾಲು ಪೂರಾ ಕುತ್ತಿಗೆ ಚಾಚಿತು.

"ಮೂರು, ಎರಡು..."

ಒಂದು ಎನ್ನಬೇಕು. ಆದರೆ ರಾಶಿ ಅಳೆಯುವ ರೈತ ಯಾವನೂ ಒಂದು ಎನ್ನುವುದಿಲ್ಲ. ಮೊದಲ ಕೊಳಗಕ್ಕೆ ಅವನು ಹೇಳುವುದು ಲಾಭ ಎಂದು. ಯಮನಪ್ಪನ ಬಾಯಿಗೆ ಅದು ಹುಟ್ಟಿದಾಗಿನಿಂದ ಬಂದದ್ದು. ಶಿವಪ್ರಕಾಶನಿಗಿಂತ ಮೊದಲು ಅವನೇ ಆಕಾಶ ಬಿರಿಯುವಂತೆ ಕೂಗಿದ:

"ಲಾಭ!"

ರಾಶಿ ಎಂದ ಮೇಲೆ ಪೂಜೆ, ಲಾಭ ಎಂದ ಮೇಲೆ ದೇವರು. ರಾಚಪ್ಪನವರ ಎದೆಯಿಂದ ತಾನಾಗಿಯೇ ಉಕ್ಕಿತು: "ಹರ ಹರ ಮಹಾದೇವ!"

ಶಿವಪ್ರಕಾಶನ ಹೆಬ್ಬೆರಳು ಗುಂಡಿ ಒತ್ತಿತು. ಸುಸ್ಸ್ ಎಂದಿತು. ಆಮೇಲೆ ಸೊಂಯ್ಯ್ ಎಂಬ ಶಬ್ದ, ಸೀರೆ ಉದ್ದಕ್ಕೆ ಹರಿದ ಹಾಗೆ. ಮುಖಕ್ಕೆ ಬಿಸಿಗಾಳಿ ಬಡಿಯಿತು. ದೀಪಾವಳಿಯ ವಾಸನೆ ಬಂತು. ರಾಚಪ್ಪನವರು ನಿಲ್ಲಲಿಲ್ಲ. ಕೂಡಲಸಂಗಮನಾಥನಿಗೆ ಜೈ ಹೇಳಿಸಿದರು, ಬಸವಣ್ಣನಿಗೆ ಹೇಳಿಸಿದರು. ಇಳಕಲ್ಲಿನ ಮಹಾಂತಪ್ಪನನ್ನು ಬಿಟ್ಟರೆ ಹೇಗೆ? ಬಾದಾಮಿಯ ಬನಶಂಕರಿ ಏನೆಂದುಕೊಂಡಾಳು? ಮಹಾಕೂಟ, ಐಹೊಳೆ, ಕೊನೆಗೆ ಯಮನಪ್ಪನ ಹೊಲದ ಬದುವಿನ ಮೇಲಿದ್ದ ಹೆಸರಿಲ್ಲದ ಕಲ್ಲು, ಯಾರಿಗೂ ಕೊರತೆಯಾಗದಂತೆ ಜೈಕಾರ ಮುಗಿಸಿ ನಮಸ್ಕಾರ ಹಾಕಿದರು.

ಜನ ಕಣ್ಣು ಬಿಟ್ಟರು. ಸಲಾಕೆ ಖಾಲಿ. ಆಕಾಶವೂ ಖಾಲಿ.

"ಎಲ್ಲಿ ಹೋತ್ರಿ?"

"ನಾ ಕಣ್ಣ ಮುಚ್ಚಿದ್ದೆ. ನೀ ನೋಡಿದೆನ?"

"ದೇವರ ಹೆಸರು ತಗೊಂಡಾಗ ಯಾರ್ ಕಣ್ಣ ಬಿಟ್ಟಿರ್ತಾರಲೇ?"

ಒಬ್ಬರನ್ನೊಬ್ಬರು ಕೇಳಿದರು. ಅಷ್ಟೂ ಜನರಲ್ಲಿ ನೋಡಿದೆ ಎಂದವನೊಬ್ಬನಿಲ್ಲ. ಶಿವಪ್ರಕಾಶ ನಿಧಾನವಾಗಿ ಹೆಂಡತಿಯ ಕಡೆಗೆ ತಿರುಗಿದ.

"ನೀ?"

ಸುನಂದಾ ಸೆರಗು ಸರಿಮಾಡಿಕೊಂಡಳು. "ನಾನೂ ಕೈ ಮುಗದಿದ್ದೆರೀ. ಎಲ್ಲಾರೂ ಮುಗದಾಗ ನಾ ಒಬ್ಬಾಕಿ ಹ್ಯಾಂಗ ನಿಲ್ಲಲಿ?"

ಹುಡುಕಿದರು. ಎರಡು ಹೊಲದಾಚೆ ಕುಸುಬಿಯ ಬೆಳೆಯಲ್ಲಿ ರಾಕೆಟ್ಟು ಸಿಕ್ಕಿತು. ರೆಕ್ಕೆ ಮುರಿದಿರಲಿಲ್ಲ, ವಿಭೂತಿ ಅಳಿಸಿರಲಿಲ್ಲ. ಕರಿಯ ಛತ್ರಿ ಪಕ್ಕದಲ್ಲಿ ಹರಡಿಕೊಂಡು, ದಣಿದು ಮಲಗಿದ ಎಮ್ಮೆಕರುವಿನ ಹಾಗೆ ಬಿದ್ದಿತ್ತು.

"ನೋಡ್ರಿ! ಹಾರಿ ಇಳದೈತಿ!" ಎಂದು ಶಿವಪ್ರಕಾಶ ಕುಣಿದ.

"ಬಿದ್ದದ್ದು ನೋಡಿದ್ವಿ. ಹಾರಿದ್ದು ಯಾರು ನೋಡ್ಯಾರ?" ಎಂದ ಯಮನಪ್ಪ. "ಯಾರರ ಎತ್ತಿಕೊಂಡು ಬಂದು ಇಟ್ಟಿರಬಹುದು."

"ನಾ ನೋಡೇನಿ! ನನ್ನ ಈ ಕಣ್ಣಾರೆ ನೋಡೇನಿ!" ಶಿವಪ್ರಕಾಶ ಎದೆ ಮುಟ್ಟಿಕೊಂಡ. ಹಿಂದೆ ಸರಿಯುವ ದಾರಿ ಇರಲಿಲ್ಲ, ಮುಂದೆ ಖೋಲಿ ಇತ್ತು. "ನೀವೆಲ್ಲಾ ಮುಚ್ಚಿರಬಹುದು, ನಾ ಹ್ಯಾಂಗ ಮುಚ್ಚಲಿ? ಗುಂಡಿ ನನ್ನ ಕೈಯಾಗಿತ್ತು. ನೆಟ್ಟಗ ಹೋತ್ರಿ, ನೂಲು ಹಿಡದಂಗ! ಬೆಂಕಿ ಇಷ್ಟುದ್ದ! ಮ್ಯಾಲ ಹೋಗಿ ಒಂದ್ ಗಳಿಗಿ ನಿಂತು, ನನ್ನ ಕಡೆ ಹೊಳ್ಳಿ ನೋಡಿದಂಗಾತು. ಪಟ್ ಅಂತ ಛತ್ರಿ ಬಿಚ್ತು!"

ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರಾಡಿತು. ಜನರೂ ಅರ್ಧ ನಂಬಿದರು.

"ನೀವು ನೋಡೀರಿ, ಖರೆ" ಎಂದಳು ಸುನಂದಾ, ನೆಲ ನೋಡುತ್ತ. "ಆದ್ರ ನಾ ನೋಡ್ಬೇಕು ಅಂತಿತ್ತಲ್ಲಾ ಮಾತು?"

"ಜಗಳಾ ಯಾಕ? ವಿಡಿಯೋ ಐತಲ್ಲ!" ಎಂದು ಮೌಲಾಬಿ ಫೋನು ಮುಂದೆ ಮಾಡಿದಳು. ಶಿವಪ್ರಕಾಶನಿಗೆ ಜೀವ ಬಂತು. ದೇವರು ಬಾಗಿಲು ಮುಚ್ಚಿ ಕಿಟಕಿಯಲ್ಲಿ ಕರೆದಂತಾಯಿತು. ಎಲ್ಲರೂ ತಲೆಗೆ ತಲೆ ತಾಗಿಸಿ ಬಗ್ಗಿದರು.

ಪರದೆಯ ತುಂಬ ಮೌಲಾಬಿಯ ಮುಖ.

"ಅಯ್ಯ, ಕ್ಯಾಮೆರಾ ಹೊಳ್ಳೇತಿ!" ಎಂದಳು ಮೌಲಾಬಿ. "ಅದಕ್ಕs ನಾ ನೋಡಿದಾಗೆಲ್ಲ ನಾನs ಕಾಣಸ್ತಿದ್ನಲ್ಲ!"

ಫೋನಿನೊಳಗಿನ ಮೌಲಾಬಿ ದುಪ್ಪಟ್ಟಾ ಸರಿಮಾಡಿಕೊಳ್ಳುತ್ತಿದ್ದಳು. ಅವಳ ಹಿಂದೆ ಸಾಲಾಗಿ ಓಣಿಯ ಜನ. "ಎರಡು" ಎಂಬ ಧ್ವನಿ ಬಂತು. "ಲಾಭ!" ಬಂತು. "ಹರ ಹರ ಮಹಾದೇವ!" ಬಂತು. ಒಂದು ಗಾಳಿಗೆ ದೀಪದ ಸಾಲು ಆರಿದಂತೆ ಎಲ್ಲರ ಕಣ್ಣೂ ಮುಚ್ಚಿಕೊಂಡವು. ಮುಂದಿನ ಸಾಲಿನಲ್ಲಿ ಶಿವಪ್ರಕಾಶ. ಒಂದು ಕೈಯ ಹೆಬ್ಬೆರಳು ಗುಂಡಿಯ ಮೇಲೆ, ಇನ್ನೊಂದು ಕೈ ಎದೆಯ ಮೇಲೆ, ಕಹಿ ಕಷಾಯಕ್ಕೆ ಬಾಯಿ ತೆರೆದ ಮಗುವಿನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಮಹಾದೇವ, ಮಹಾದೇವ" ಎಂದು ತುಟಿ ಕುಣಿಸುತ್ತಿದ್ದ.

ಹೊಲದಲ್ಲಿ ನಗೆ ಎದ್ದಿತು. "ನೂಲು ಹಿಡದಂಗ ಹೋತಂತ!" "ಹೊಳ್ಳಿ ನೋಡ್ತಂತ ಇಂವನ್ನ!" ಯಮನಪ್ಪ ಹೊಟ್ಟೆ ಹಿಡಿದುಕೊಂಡು ಕುಸುಬಿಯೊಳಗೆ ಕೂತ, ಮುಳ್ಳು ಚುಚ್ಚಿ ಮತ್ತೆ ಎದ್ದ. ತಾಯಿ ಎದೆಹಾಲಿನ ಜೊತೆಗೆ ಕಲಿಸಿದ್ದು, ದೇವರ ಹೆಸರು ಕಿವಿಗೆ ಬಿದ್ದರೆ ರೆಪ್ಪೆ ಇಳಿಯುವುದು. ಶಿವಪ್ರಕಾಶನನ್ನು ಕೇಳಿ ಇಳಿದದ್ದಲ್ಲ ಅದು. ಅವನು ತಲೆ ತಗ್ಗಿಸಿ ನಿಂತ.

"ತಡೀರಿ, ತಡೀರಿ," ಎಂದ ಯಮನಪ್ಪ ಮತ್ತೆ ಫೋನಿಗೆ ಬಗ್ಗಿ. "ಈ ಮೂಲ್ಯಾಗ ಯಾರಿದು?"

ಮೂಲೆಯಲ್ಲಿ ಸುನಂದಾ. ಎಲ್ಲರಂತೆ ಕೈ ಮುಗಿದಿದ್ದಳು. ಆದರೆ ಅವಳ ಕುತ್ತಿಗೆ ಮೆಲ್ಲಗೆ ಮೇಲೇರುತ್ತಿತ್ತು. ಕಣ್ಣು ಇಷ್ಟಗಲ. ಬಾಯಿ ತೆರೆದುಕೊಂಡಿತು. ಎಡಬಲದವರನ್ನು ಕಳ್ಳನೋಟದಿಂದ ನೋಡಿದಳು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಮೇಲೆ ನೋಡಿದಳು. ರಾಚಪ್ಪನವರು ಬನಶಂಕರಿಗೆ ಬರುವಷ್ಟರಲ್ಲಿ ಅವಳ ಕುತ್ತಿಗೆ ಒಂದು ಕಡೆಗೆ ವಾಲುತ್ತ ನಿಧಾನವಾಗಿ ಕೆಳಗಿಳಿಯಿತು. ಕೊನೆಯ ಜೈಕಾರಕ್ಕೆ ಸರಿಯಾಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ರಾಚಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಂಗೀ, ದೇವರ ಹೆಸರು ತಗೊಂಡಾಗ ಕಣ್ಣು ಬಿಟ್ಟಿದ್ದೇನವಾ?"

ಸುನಂದಾಳ ಮುಖ ಸೆರಗಿನ ಬಣ್ಣಕ್ಕೆ ತಿರುಗಿತು. "ತಪ್ಪಾತ್ರಿ ಕಾಕಾ. ಎಲ್ಲಾರ ಮುಂದ ಹೇಳಾಕ ನಾಚಿಕಿ ಬಂತು. ಆದ್ರ... ನೀವು ಹೆಸರು ತಗೊಂಡಿದ್ದು ಮ್ಯಾಲಿನವಂದು. ಅದೂ ಮ್ಯಾಲನs ಹೊಂಟಿತ್ರಿ. ನಾ ಅದರ ಹಿಂದ ಹೊಂಟೆ."

ರಾಚಪ್ಪನವರು ಒಂದು ಗಳಿಗೆ ಆಕಾಶ ನೋಡಿದರು. "ಹಂಗಾರ ಅಡ್ಡಿ ಇಲ್ಲ ಬಿಡು" ಎಂದರು ಮೆತ್ತಗೆ.

ಶಿವಪ್ರಕಾಶ ಮಾತ್ರ ಎರಡೂ ಕೈ ಎತ್ತಿ ಕುಣಿದ. "ನೋಡೀದಿ! ನೀ ನೋಡೀದಿ ಸುನಂದಾ! ಖೋಲಿ ಗೆದ್ದೆ!"

ತಿರುಗಿ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದ. ಎಷ್ಟು ಎತ್ತರ ಹೋಯಿತು? ನೆಟ್ಟಗೆ ಹೋಯಿತೋ, ವಾಲಿತೋ? ಛತ್ರಿ ಹೇಗೆ ಬಿಚ್ಚಿತು? ಕಟ್ಟಿದವನು ಕೇಳುತ್ತಿದ್ದ, ಕಂಡವಳು ಹೇಳುತ್ತಿದ್ದಳು. ಹೇಳುವಾಗ ಅವಳ ಕೈ ತಾನಾಗಿ ಮೇಲೇರುತ್ತಿತ್ತು. "ಹಂಗಲ್ರಿ. ನೀವು ಹೊಲದಾಗ ಹೇಳಿದಂಗ ಒಂದೂ ಆಗಿಲ್ಲ. ಅದಕ್ಕಿಂತ ಭಾಳ ಚಂದ ಹೋತು."

ಸಂಜೆ ಸುನಂದಾಳ ತಮ್ಮ ಅನಿಲಕುಮಾರ ಟ್ರಂಕು ಹೊತ್ತು ಬಂದ. ಅವನಿಗೆ ಪಡಸಾಲೆ ತೋರಿಸಿ, ಗೆದ್ದ ಠೀವಿಯಲ್ಲಿ ಶಿವಪ್ರಕಾಶ ಮೆಟ್ಟಿಲು ಹತ್ತಿದ. ಖೋಲಿಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಬಡಿದ. ಬಾಗಿಲು ಅರ್ಧ ತೆರೆಯಿತು. ಸುನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಕೆನ್ನೆಗೆ ಅಂಟು ಮೆತ್ತಿತ್ತು. ಒಂದು ಕೈಯಲ್ಲಿ ಉಜ್ಜುಕಾಗದ, ಇನ್ನೊಂದರಲ್ಲಿ ಮೌಲಾಬಿಯ ಮನೆಯ ಹೊಸ ಕೊಳವೆ.

"ಏನ್ ಮಾಡಾಕತ್ತೀದಿ?"

"ಇದರ ತಂಗೀನ ಕಟ್ಟಾಕತ್ತೇನಿ."

"ಖೋಲಿ ನಂದಲ್ಲೇನು?"

"ಖೋಲಿ ರಾಕೆಟ್ಟಿಗೆ ಅಂದಿದ್ದೆ ನಾ, ನಿಮಗ ಅಂದಿಲ್ಲ" ಎಂದಳು ಸುನಂದಾ. "ಇನ್ನ ಮ್ಯಾಲ ಗುಂಡಿ ನಾ ಒತ್ತತೇನಿ. ನೀವು ಕಾಕಾನ ಬಾಜೂಕ ನಿಂತು ಆರಾಮ ಕೈ ಮುಗೀರಿ. ಹಾಸಿಗಿ ಕೆಳಗ ಅನಿಲನ ಮಗ್ಗಲಕ್ಕ ಹಾಕೇನಿ. ಅವ ಗೊರಕಿ ಹೊಡೀತಾನ, ಹತ್ತಿ ಇಟ್ಕೋರಿ." ಬಾಗಿಲು ಮುಚ್ಚಿತು.

ಶಿವಪ್ರಕಾಶ ಕೆಳಗಿಳಿದು ಪಡಸಾಲೆಯಲ್ಲಿ ಕೂತ. ಮೇಲಿನಿಂದ ಉಜ್ಜುಕಾಗದದ ಸದ್ದು ಸರಕ್ ಸರಕ್ ಎಂದು ಬರುತ್ತಿತ್ತು. ಅನಿಲಕುಮಾರ ಟ್ರಂಕಿನ ಬೀಗ ತೆಗೆಯುತ್ತ ಬಹಳ ಆಸೆಯಿಂದ ಕೇಳಿದ:

"ಮಾಮಾ, ರಾಕೆಟ್ಟು ಹಾರ್ತಂತಲ್ಲ? ಹ್ಯಾಂಗ ಹೋತ್ರಿ, ಹೇಳ್ರಿ?"

"ನಿಮ್ಮಕ್ಕನ್ನ ಕೇಳಪಾ" ಎಂದ ಶಿವಪ್ರಕಾಶ.